ಒಂದೇ ಫೈಲಿನ ಹರಿಣಾಕ್ಷಿ

ಹರಿಣಾಕ್ಷಿಯವರು ಕಂಪ್ಯೂಟರಿನ ಮುಂದೆ ಕೂರುವಾಗಲೂ ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟೇ ಇರುತ್ತಾರೆ. ಬಿಜೂರಿನ ಗದ್ದೆಯಲ್ಲಿ ಬೆಳಗಿನ ಕೆಲಸ ಮುಗಿಸಿ, ಅಂಗಿ ಬಿಚ್ಚುವಷ್ಟೂ ಪುರುಸೊತ್ತಿಲ್ಲದೆ ಬೈಂದೂರಿನ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಪಾಠ ಹೇಳಲು ದಾಪುಗಾಲಿಡುತ್ತ ಬಂದ ಅವರನ್ನು ಕಂಡು, ಈಕೆ ನನಗೇನು ಕಲಿಸಿಯಾರು ಎಂದು ಮೊದಲ ದಿನ ಒಳಗೊಳಗೇ ನಕ್ಕ ಪಾಪಿ ನಾನು. ಜೀವಮಾನವಿಡೀ ಕನ್ನಡ ಪಾಠ ಹೇಳಿ, ನಿವೃತ್ತಿಯ ಮೇಲೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಹುಚ್ಚು ಹಿಡಿಸಿಕೊಂಡವನಿಗೆ ನಗುವ ಅರ್ಹತೆಯಾದರೂ ಎಲ್ಲಿತ್ತು!

ಕಲಿತದ್ದೇ ತಡ, ನನ್ನೂರು ಹಂಗಾರಕಟ್ಟೆಯ ಮೀನುಗಾರರಿಗೆಂದು ಮೂರು ವೆಬ್ ಪುಟ ಕಟ್ಟಿದೆ: ಕಡಲಿಗೆ ಹೊರಟ ದೋಣಿಯನ್ನು ಬರೆಯಲೊಂದು, ಮರಳಿದ್ದನ್ನು ಬರೆಯಲೊಂದು, ಯಾರು ಇನ್ನೂ ಬಂದಿಲ್ಲವೆಂದು ತೋರಿಸಲೊಂದು. ದೋಣಿಯ ವಿವರವನ್ನೆಲ್ಲ ಹೊತ್ತ, ಕ್ಲಾಸ್ ಎಂಬ ಕೋಡಿನ ತುಂಡನ್ನು ಮೂರು ಸ್ಕ್ರಿಪ್ಟ್ ಫೈಲಿಗೂ ನಕಲು ಮಾಡಿ ಅಂಟಿಸಿದ್ದೆ. ಮರಳಿದ ಸಮಯ ಖಾಲಿಯಿದ್ದರೂ ದೋಣಿ ಬಂದಿದೆ ಎನ್ನುವ ತಪ್ಪೊಂದು ಆಮೇಲೆ ಕಣ್ಣಿಗೆ ಬಿತ್ತು. ಎರಡು ಫೈಲಿನಲ್ಲಿ ತಿದ್ದಿದೆ. ಪಟ್ಟಿ ತೋರಿಸುವ ಮೂರನೆಯದನ್ನೇ ಮರೆತೆ.

ಗಾಳಿ ಎದ್ದ ಒಂದು ಮಧ್ಯಾಹ್ನ ಆ ಪಟ್ಟಿ ನೋಡಿ, ಎಲ್ಲ ದೋಣಿಗಳೂ ದಡ ಸೇರಿದವೆಂದು ಊರಿಗೆಲ್ಲ, ಹರಿಣಾಕ್ಷಿಯವರಿಗೂ, ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಹತ್ತೇ ನಿಮಿಷದಲ್ಲಿ ಹರಿಣಾಕ್ಷಿಯವರ ಫೋನು.

"ಹ್ವಾಯ್ ಮಾಷ್ಟ್ರೇ, ಬಚ್ಚ ಬಂದದ್ದ್ ಯಾರ್ ಕಂಡದ್ದ್?"

ಬೆಳಿಗ್ಗೆ ಒಬ್ಬನೇ ಕಡಲಿಗಿಳಿದಿದ್ದ ಬಚ್ಚ ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ಪಟ್ಟಿಯನ್ನು ನಂಬದೆ ಅದರ ಹಿಂದಿನ ದಾಖಲೆಯನ್ನೇ ಬಿಚ್ಚಿ ನೋಡುವುದು ಅವರ ಹಟ. ಬಚ್ಚನ ಹೆಸರಿನ ಮುಂದೆ ಮರಳಿದ ಸಮಯವೇ ಇರಲಿಲ್ಲವಂತೆ. ಅವರ ಮಾತಿನ ಮೇಲೆ ಹುಡುಕಲು ಹೋದವರು, ಎಂಜಿನ್ ಕೆಟ್ಟು ಅಳಿವೆಯಾಚೆ ಹೊಯ್ದಾಡುತ್ತಿದ್ದ ದೋಣಿಯಿಂದ ಅವನನ್ನು ಕರೆತಂದರು. ಒದ್ದೆಯಾಗಿ ನಡುಗುತ್ತಿದ್ದ ಬಚ್ಚ ಬಂದು ಕೈಮುಗಿದದ್ದು ನನಗೆ!

"ನಿಮ್ ಕಂಪ್ಯೂಟರ್ ನನ್ ಜೀವ ಉಳ್ಸ್ತ್ ಮಾಷ್ಟ್ರೇ."

ಅಷ್ಟರಲ್ಲಿ ಬಸ್ಸು ಹಿಡಿದು ಬಂದು ಪಕ್ಕದಲ್ಲೇ ನಿಂತಿದ್ದ ಹರಿಣಾಕ್ಷಿಯವರು ನನ್ನ ತಪ್ಪನ್ನು ಎತ್ತದೆ, ಅವನ ಹೆಗಲಿಗೆ ಒಣ ಟವೆಲು ಹೊದಿಸಿದರು. ನಾಚಿಕೆ ತಡೆಯಲಾರದೆ ನಾನೇ ಬಚ್ಚನಿಗೆ ನಿಜ ಹೇಳಿದೆ. ಮರುದಿನ ಕೇಂದ್ರಕ್ಕೆ ಹೋಗಿ, ಬಾಗಿಲಲ್ಲೇ ನಿಂತು, ಪುಟಗಳನ್ನೆಲ್ಲ ತೆಗೆದುಬಿಡುತ್ತೇನೆ ಎಂದೆ.

"ಎಂತಕ್ ತೆಗುದ್? ಕೂಕಣಿ," ಎಂದು ಪಕ್ಕದ ಕುರ್ಚಿಯನ್ನು ನನ್ನತ್ತ ಎಳೆದರು.

ಮೂರು ನಕಲುಗಳನ್ನೂ ನನ್ನ ಕೈಯಿಂದಲೇ ಅಳಿಸಿದರು. ಕ್ಲಾಸನ್ನು ಅದರದ್ದೇ ಒಂದು ಫೈಲಿನಲ್ಲಿ ಬರೆಸಿ, ಬೇರೆ ಫೈಲುಗಳಿಗೂ ಸಿಗಲೆಂದು ಅದರ ಮೊದಲಿಗೆ ಎಕ್ಸ್‌ಪೋರ್ಟ್ ಎಂದು ಸೇರಿಸಿ, ಉಳಿದ ಮೂರು ಫೈಲುಗಳೂ ಅಲ್ಲಿಂದಲೇ ಅದನ್ನು ಇಂಪೋರ್ಟ್ ಮಾಡಿಕೊಳ್ಳುವಂತೆ ಮಾಡಿದರು.

"ಇನ್ ಒಂದ್ ಕಡಿ ತಿದ್ದಿರೆ ಸಾಕ್, ಮೂರೂ ಕಡಿ ಸಮ ಆತ್ತ್."

ಪುಟದಲ್ಲಿ ಸ್ಕ್ರಿಪ್ಟಿಗೆ, ಇಂಪೋರ್ಟ್ ನಡೆಯಲು ಬೇಕಾದ ಮಾಡ್ಯೂಲ್ ಎಂಬ ಗುರುತು ಹಾಕಲು ಮರೆತು ನಾನು ಮೂರೂ ಪುಟಗಳನ್ನು ಕೆಡಿಸಿಟ್ಟಾಗ ಅವರು ಬೈಯಲಿಲ್ಲ. ಹೊಟ್ಟೆ ಹಿಡಿದು ನಕ್ಕರು.

ತಪ್ಪನ್ನು ತಿದ್ದುವವರು ಬೇಕಾದಷ್ಟು ಮಂದಿ ಸಿಕ್ಕಾರು. ತಪ್ಪು ಮಾಡಿದವನ ಮಾನವನ್ನೂ ಕಾಯುವವರು ಎಲ್ಲೋ ಒಬ್ಬರು. ಅಂಥವರು ಕಲಿಸಿದ ವಿದ್ಯೆ ವಯಸ್ಸಾದ ತಲೆಯಿಂದ ಜಾರಿಹೋದೀತು. ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದ ದಿನ ಕೂರಲು ಹೇಳಿದ್ದು ಹೋಗುವುದಿಲ್ಲ.