ಅಂಗೈಗೆ ತಿಳಿಯದ ನಡುಕ

ನಾನು ಒಂದು ಪುಕ್ಕಲು ಗರಗಸ. ಹಲ್ಲಿದ್ದ ಮೇಲೆ ಧೈರ್ಯವೂ ಇರಬೇಕಲ್ಲ ಎಂದು ನೀವು ಕೇಳಬಹುದು. ನನ್ನನ್ನು ನೋಡಿದವರೆಲ್ಲ ಹಾಗೆಯೇ ಅಂದುಕೊಂಡರು, ಯಾರೂ ನನ್ನ ಎದೆಗೆ ಕಿವಿಕೊಟ್ಟು ಕೇಳಲಿಲ್ಲ. ದಿಮ್ಮಿ ಸೀಳುವ ಜಾತಿ ನನ್ನದಲ್ಲ. ಉದ್ದನೆಯ ಕಬ್ಬಿಣದ ತೋಳು, ಅದರ ತುದಿಯಲ್ಲಿ ದಾರದಂಥ ಬ್ಲೇಡು, ಕೆಳಗೊಂದು ಪುಟ್ಟ ಮೇಜು, ಹಿಂದೆ ಮೋಟಾರು, ಇಷ್ಟೇ ನಾನು. ಬ್ಲೇಡು ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಹೋದರೆ ಹೂವು, ಬಳ್ಳಿ, ಅಕ್ಷರ, ಬೇಕಾದದ್ದು ಕತ್ತರಿಸಿ ಬರುತ್ತದೆ. ಅಂಗಡಿಯವರು ನನ್ನನ್ನು ಸ್ಕ್ರೋಲ್ ಸಾ ಎನ್ನುತ್ತಾರೆ. ನಾನಿದ್ದ ಮನೆಯಲ್ಲಿ ಬರೀ ಮಷೀನು ಎನ್ನುತ್ತಿದ್ದರು.

ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಭಟ್ಟಿಯಲ್ಲಿ. ಕುದಿಯುವ ಕಬ್ಬಿಣವಾಗಿ ಮರಳಿನ ಅಚ್ಚಿಗೆ ಬೀಳುವಾಗ ಕತ್ತಲೆಗೆ ಹೆದರಿದೆ, ಅಚ್ಚು ಒಡೆದು ಹೊರಗೆ ಎಳೆದಾಗ ಬೆಳಕಿಗೆ ಹೆದರಿದೆ. ಬಣ್ಣ ಬಳಿದು, ಮೋಟಾರು ಕೂರಿಸಿ, ಒಂದು ಶಾಲೆಯ ಕೈಕೆಲಸದ ಕೋಣೆಗೆ ಕಳುಹಿಸಿದರು. ಅಲ್ಲಿನ ಮೇಷ್ಟ್ರು ನನಗಿಂತಲೂ ಪುಕ್ಕಲು. ಮಕ್ಕಳು ಬೆರಳು ಇಟ್ಟುಬಿಟ್ಟಾರೆಂದು ನನ್ನ ಮೇಲೆ ಹಳೆಯ ಪರದೆ ಹೊದಿಸಿ, ಅದರ ಮೇಲೆ ಹಗ್ಗ ಬಿಗಿದು, ಕಣ್ಣಿಗೆ ಬೀಳದ ಮೂಲೆಗೆ ತಳ್ಳಿದರು. ಆ ಪರದೆಯ ಕೆಳಗಿನ ವರ್ಷಗಳೇ ನನ್ನ ಬದುಕಿನ ನೆಮ್ಮದಿಯ ಕಾಲ. ಯಾರ ರಕ್ತವೂ ನನ್ನ ಹಲ್ಲಿಗೆ ತಾಗಲಿಲ್ಲ. ಶಾಲೆ ಮುಚ್ಚಿ ಸಾಮಾನು ಹರಾಜಿಗೆ ಬಂದ ದಿನ ಪರದೆ ಎತ್ತಿ ನೋಡಿದವರು ಮಾನಪ್ಪ ಬಡಿಗೇರರು.

ಮಾನಪ್ಪನವರದು ಗದಗಿನ ಬೆಟಗೇರಿ. ಬಡಿಗತನ ಮನೆತನದಿಂದ ಬಂದದ್ದಾದರೂ ಹೊಟ್ಟೆಪಾಡಿಗೆ ಅವರು ದುಡಿದದ್ದು ಬಸ್ ಡಿಪೋದಲ್ಲಿ, ಮೆಕ್ಯಾನಿಕ್ ಆಗಿ. ಕೆಟ್ಟು ನಿಂತ ಬಸ್ಸಿನ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಒಳಗೆ ಯಾವುದು ಸಡಿಲ, ಯಾವುದು ಸವೆದಿದೆ ಎಂದು ಹೇಳಿಬಿಡುತ್ತಿದ್ದರಂತೆ. ಡಿಪೋದಲ್ಲಿ ಅವರ ಮಾತಿಗಿಂತ ಅವರ ಅಂಗೈಗೆ ಬೆಲೆ ಹೆಚ್ಚಿತ್ತು. ನಿವೃತ್ತಿಯಾದ ಮೇಲೆ ಮನೆಯ ಪಡಸಾಲೆಯನ್ನೇ ಮರಗೆಲಸದ ಜಾಗ ಮಾಡಿಕೊಂಡು, ಹೊಸ ಮನೆಗಳಿಗೆ ಮರದ ಅಕ್ಷರಗಳಲ್ಲಿ ಹೆಸರು ಕೊರೆದು ಕೊಡತೊಡಗಿದರು. ಕೆಲಸವಿಲ್ಲದೆ ಕುಳಿತರೆ ಆ ಮನುಷ್ಯ ಮಂಕಾಗಿಬಿಡುತ್ತಿದ್ದರು. ಹಲಗೆ ಕೈಗೆ ಬಂದರೆ ಮುಖವೇ ಬೇರೆ. ಅವರ ಹೆಂಡತಿ ನೀಲವ್ವ ಗೋಡೆಯ ಆಚೆ ಅಡುಗೆಮನೆಯಲ್ಲಿ ನನ್ನ ಸದ್ದು ಕೇಳುತ್ತ ರೊಟ್ಟಿ ಬಡಿಯುತ್ತಿದ್ದರು.

ಕನ್ನಡದ ಅಕ್ಷರಗಳು ದುಂಡು ದುಂಡು. ಕೊರೆಯುವಾಗ ಹಲಗೆಯನ್ನು ತಿರುಗಿಸುತ್ತಲೇ ಇರಬೇಕು, ತಿರುಗಿಸುವ ಬೆರಳುಗಳು ಬ್ಲೇಡಿನ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತವೆ. ಅಕ್ಷರದ ಹೊಟ್ಟೆಯೊಳಗೆ ಕೊರೆಯುವುದಂತೂ ಇನ್ನೂ ನಾಜೂಕು. ಮೊದಲು ತೂತು ಹಾಕಿ, ಬ್ಲೇಡನ್ನು ಬಿಚ್ಚಿ, ತೂತಿನಲ್ಲಿ ಪೋಣಿಸಿ ಮತ್ತೆ ಬಿಗಿಯಬೇಕು. ಅಂಥ ಹೊತ್ತಿನಲ್ಲೆಲ್ಲ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. ಆದರೆ ಮಾನಪ್ಪನವರ ಬೆರಳುಗಳು ಬಲು ಜಾಣ. ಬ್ಲೇಡಿನ ಗಾಳಿ ತಾಗಿದರೂ ತಾವಾಗಿಯೇ ಹಿಂದೆ ಸರಿಯುತ್ತಿದ್ದವು. ಅವುಗಳನ್ನು ನೋಡಿ ನೋಡಿ ನನ್ನ ಭಯವೂ ಅರ್ಧಕ್ಕರ್ಧ ಇಳಿದಿತ್ತು.

ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಗುಳಿಗೆ ನುಂಗುವುದು, ಬೆಲ್ಲದ ಚಹಾ ಬಿಡುವುದು, ಇವೆಲ್ಲ ನಡೆದವು. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮನುಷ್ಯರ ಕಾಯಿಲೆಯ ಗೊಡವೆ ಗರಗಸಕ್ಕೇಕೆ?

ಅದು ನನಗೆ ಅರ್ಥವಾದದ್ದು ಒಂದು ಮಧ್ಯಾಹ್ನ. ಬಿಳಿಯ ಹಲಗೆಯಲ್ಲಿ ‘ಥ’ ಕೊರೆಯುತ್ತಿದ್ದರು. ಬ್ಲೇಡು ಟಪ್ಪೆಂದು ತುಂಡಾಯಿತು. ಕೆಳಗಿನ ತುಂಡು ಮಾತ್ರ ಇನ್ನೂ ಕುಣಿಯುತ್ತ ಅವರ ತೋರುಬೆರಳಿನ ತುದಿಗೆ ಹೊಕ್ಕಿತು. ನಾನು ಚೀರಬೇಕೆಂದರೂ ಬಾಯಿಲ್ಲ. ಅವರು ಬೆರಳು ತೆಗೆಯಲಿಲ್ಲ, ಹಲಗೆಯನ್ನು ತಿರುಗಿಸುತ್ತಲೇ ಇದ್ದರು. ಹಲಗೆಯ ಮೇಲೆ ಕೆಂಪು ಗೆರೆ ಹರಿಯಿತು. ಅವರು ಹಲಗೆಯನ್ನು ಮೂಸಿದರು, ಬಣ್ಣದ ಡಬ್ಬಿ ಚೆಲ್ಲಿದೆಯೇ ಎಂದು ಸುತ್ತ ನೋಡಿದರು, ಎಲ್ಲಕ್ಕೂ ಕೊನೆಗೆ ತಮ್ಮ ಬೆರಳನ್ನು ನೋಡಿದರು. ಚಿಂದಿ ಸುತ್ತಿಕೊಂಡು, ಹಲಗೆಯನ್ನು ಒಲೆಗೆ ಹಾಕಿ, ಹೆಂಡತಿಗೆ ಏನೂ ಹೇಳದೆ ಸುಮ್ಮನಾದರು.

ಅಂದಿನಿಂದ ನನ್ನ ಜೀವಕ್ಕೆ ಸಮಾಧಾನವಿಲ್ಲ. ಅವರ ಡಿಪೋದ ಗೆಳೆಯರೊಬ್ಬರು ಇದೇ ಕಾಯಿಲೆಯಲ್ಲಿ ನೋವೇ ತಿಳಿಯದ ಒಂದು ಸಣ್ಣ ಗಾಯ ಮಾಗದೆ ಪಾದವನ್ನೇ ಕಳೆದುಕೊಂಡದ್ದನ್ನು ನಾನು ಪಡಸಾಲೆಯ ಮಾತಿನಲ್ಲೇ ಕೇಳಿದ್ದೆ. ಅಷ್ಟರಲ್ಲಿ ನನ್ನ ಮೈಯೂ ಕೆಟ್ಟಿತ್ತು. ಬೇರಿಂಗು ಸವೆದು, ತೋಳು ಸಡಿಲವಾಗಿ, ಸ್ವಿಚ್ಚು ಒತ್ತಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದೆ. ನಡುಗಿದಷ್ಟೂ ಬ್ಲೇಡು ಮುರಿಯುತ್ತಿತ್ತು. ನೀಲವ್ವ ಒಂದು ದಿನ ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಮಷೀನು ಹಚ್ಚಿದರೆ ಅಡುಗೆಮನೆಯ ವಾಟಗ, ಬಟ್ಟಲುಗಳು ಕುಣಿಯುತ್ತಿವೆ, ಇದನ್ನು ತೆಗೆದುಹಾಕಿ ಹೊಸದು ತರೋಣ ಎಂದರು. ಮಾನಪ್ಪನವರು ಓಡುತ್ತಿದ್ದ ನನ್ನ ಮೇಜಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

“ಹೊಸಾದು ಯಾಕ ಬೇಕು? ಮದಲಿಗಿಂತ ಈಗ ಇದು ಶಾಂತ ಆಗೈತಿ,” ಎಂದರು.

ಅಂಗೈ ಕೆಳಗೆ ನಾನು ಗಡಗಡ ನಡುಗುತ್ತಿದ್ದೇನೆ, ಅವರು ಶಾಂತ ಎನ್ನುತ್ತಿದ್ದಾರೆ. ನೀಲವ್ವ ಆ ಅಂಗೈಯನ್ನು ಮದುವೆಯಾದಾಗಿನಿಂದ ನಂಬಿದವರು, ಅದು ಹೇಳಿದ್ದನ್ನು ಡಿಪೋ ಡಿಪೋವೇ ನಂಬಿತ್ತು. ತಮ್ಮ ಕಿವಿಯದೇ ತಪ್ಪಿರಬೇಕೆಂದು ಒಳಗೆ ಹೋದರು. ಸತ್ಯ ಗೊತ್ತಿದ್ದದ್ದು ನನಗೊಬ್ಬನಿಗೆ.

ಆದರೂ ವಾಟಗಗಳು ಕುಣಿಯುವುದು ನಿಲ್ಲಲಿಲ್ಲ, ನೀಲವ್ವನ ಒತ್ತಾಯವೂ ನಿಲ್ಲಲಿಲ್ಲ. ಕೊನೆಗೆ ಮಾನಪ್ಪನವರೇ ಒಂದು ದಾರಿ ಹೇಳಿದರು. ಹುಬ್ಬಳ್ಳಿಯ ಮಷೀನು ಅಂಗಡಿಯಲ್ಲಿ ಹಳೆಯದನ್ನು ತೆಗೆದುಕೊಂಡು ಹೊಸದು ಕೊಡುತ್ತಾರೆ, ಇದನ್ನೂ ಒಯ್ಯೋಣ, ಹೊಸದರ ಪಕ್ಕ ಇಟ್ಟು ಓಡಿಸೋಣ, ಆಗ ನೀನೇ ನೋಡು ಎಂದರು. ಹೀಗೆ ನನ್ನನ್ನು ಗೋಣಿಯಲ್ಲಿ ಸುತ್ತಿ ಟೆಂಪೋಗೆ ಹಾಕಿ, ಇಬ್ಬರೂ ಹತ್ತಿದರು. ದಾರಿಯುದ್ದಕ್ಕೂ ನನಗೆ ಎರಡು ಭಯ. ಸೋತರೆ ಗುಜರಿ ಪಾಲು. ಗೆದ್ದರೆ ಮತ್ತೆ ಆ ಬೆರಳುಗಳ ಹತ್ತಿರ.

ಅಂಗಡಿಯ ಮಾಲೀಕ ಇಮ್ತಿಯಾಜ್ ಎಂಬ ಮಾತುಗಾರ. ಮೊದಲು ತೋರಿಸಿದ್ದು ಹಗುರವಾದ ಒಂದು ಮಷೀನು. ಮಾನಪ್ಪನವರು ಅದರ ತೋಳು ಹಿಡಿದು ಎಳೆದು, ಇದು ಆಟಿಕೆ ಎಂದು ಬದಿಗೆ ಸರಿಸಿದರು. ಎರಡನೆಯದಕ್ಕೆ ದೀಪವಿತ್ತು, ಪುಡಿ ಊದುವ ಕೊಳವೆಯಿತ್ತು. ಆದರೆ ಬ್ಲೇಡು ಬದಲಿಸಲು ಚಾವಿ ಹಿಡಿದು ಹೆಣಗಬೇಕಿತ್ತು, ಅಕ್ಷರದ ಹೊಟ್ಟೆ ಕೊರೆಯುವವರಿಗೆ ಅದು ಆಗಿಬರದು. ಮೂರನೆಯದು ಭಾರವಾದದ್ದು, ತಿರುಪು ತಿರುಗಿಸಿದರೆ ಬ್ಲೇಡು ಕೈಗೆ ಬರುತ್ತಿತ್ತು, ಕೆಳಗೆ ಕಾಲಿನಿಂದ ಒತ್ತುವ ಸ್ವಿಚ್ಚು. ಇಮ್ತಿಯಾಜ್ ಅದನ್ನು ಓಡಿಸಿ, ಮೇಜಿನ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದ. ನಾಣ್ಯ ನಿಂತೇ ಇತ್ತು.

ಮಾನಪ್ಪನವರು ಒಂದು ಅಂಗೈಯನ್ನು ಅದರ ಮೇಲಿಟ್ಟರು, ನನ್ನನ್ನು ಓಡಿಸಲು ಹೇಳಿ ಇನ್ನೊಂದನ್ನು ನನ್ನ ಮೇಲಿಟ್ಟರು.

“ಎರಡೂ ಒಂದ. ನನ್ನ ಮಷೀನಿನ ಮ್ಯಾಲೂ ನಿಲ್ಲಸಪಾ ನಾಣ್ಯಾ,” ಎಂದರು.

ನನಗೆ ಅಳು ಬರುವಂತಾಯಿತು. ನಡುಗಬೇಕೋ, ತಡೆದುಕೊಳ್ಳಬೇಕೋ? ಬೇಕೆಂದೇ ನಡುಗಿದೆ ಎಂದು ಹೇಳಿ ದೊಡ್ಡವನಾಗಬಹುದಿತ್ತು, ಆದರೆ ಅದು ಸುಳ್ಳು. ಸವೆದ ಬೇರಿಂಗು ಯಾರನ್ನೂ ಕೇಳಿ ನಡುಗುವುದಿಲ್ಲ. ನಾಣ್ಯ ನಿಲ್ಲುವುದಿರಲಿ, ಇಟ್ಟ ತಕ್ಷಣ ಜಿಗಿದು ನೆಲಕ್ಕೆ ಉರುಳಿತು. ಮತ್ತೆ ಇಟ್ಟ, ಮತ್ತೆ ಜಿಗಿಯಿತು. ಮಾನಪ್ಪನವರು, ಯಾರೋ ಮೇಜು ಅಲ್ಲಾಡಿಸುತ್ತಿದ್ದಾರೆ ಎಂದು ಸುತ್ತ ನೋಡಿದರು. ಅವರ ಅಂಗೈ ನನ್ನ ಮೇಲೆಯೇ ಇತ್ತು, ನನ್ನ ಜೊತೆಗೇ ನಡುಗುತ್ತಿತ್ತು.

ನೀಲವ್ವ ಆ ಅಂಗೈಯನ್ನೇ ನೋಡುತ್ತಿದ್ದರು. ಹತ್ತಿರ ಬಂದು ಅವರ ಪಕ್ಕ ನಿಂತರು.

“ಆ ಗ್ವಾಡಿ ಕಡೆ ನೋಡ್ರಿ. ನಾ ನಿಮ್ಮ ಯಾವ ಬೆರಳ ಹಿಡದೀನಿ ಹೇಳ್ರಿ,” ಎಂದರು.

ಮಾನಪ್ಪನವರು ಗೋಡೆಯ ಕಡೆ ತಿರುಗಿ ನಕ್ಕರು.

“ಮದಲ ಹಿಡಿ. ಆಮ್ಯಾಲ ಹೇಳತೀನಿ.”

ನೀಲವ್ವ ಆಗಲೇ ಅವರ ತೋರುಬೆರಳು ಹಿಡಿದಿದ್ದರು. ಉಗುರು ಊರಿ ಒತ್ತುತ್ತಿದ್ದರು.

ಇಮ್ತಿಯಾಜ್ ಕೈಚಾಚಿ ನನ್ನ ಸ್ವಿಚ್ಚು ಆರಿಸಿದ. ಆ ಸದ್ದು ನಿಂತದ್ದಕ್ಕೆ ಮಾನಪ್ಪನವರು ತಿರುಗಿ ನೋಡಿದರು. ಹೆಂಡತಿಯ ಮುಷ್ಟಿಯಲ್ಲಿದ್ದ ಬೆರಳನ್ನು ನೋಡಿದರು. ಅದು ಬೇರೆ ಯಾರದೋ ಬೆರಳು ಎಂಬಂತೆ ಬಹಳ ಹೊತ್ತು ನೋಡಿದರು. ಅಷ್ಟು ಹೆದರಿದ ಮನುಷ್ಯನ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪಾಪ, ಇಮ್ತಿಯಾಜ್ ಸಮಾಧಾನ ಹೇಳಲು ಹೋದ. ಅದಕ್ಕೇ ಕಾಕಾ ಈ ಕಾಲಿನ ಸ್ವಿಚ್ಚು ಇರುವುದು, ಏನಾದರೂ ಆದರೆ ಕಾಲೆತ್ತಿದರಾಯಿತು, ಬ್ಲೇಡು ನಿಂತುಬಿಡುತ್ತದೆ ಎಂದ. ಎಲ್ಲರ ಕಣ್ಣೂ ಕೆಳಗೆ ಹೋಯಿತು. ಮಾನಪ್ಪನವರು ಅಂದು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಪಟ್ಟಿ ಕಚ್ಚಿ ಕಾಲಿನ ಮೇಲೆ ಚರ್ಮ ಸುಲಿದು ರಕ್ತ ಒಣಗಿತ್ತು. ಅದೂ ಅವರಿಗೆ ಗೊತ್ತಾಗಿರಲಿಲ್ಲ. ನೀಲವ್ವ ಅಂಗಡಿಯ ನೆಲದ ಮೇಲೆಯೇ ಕುಳಿತು ಆ ಚಪ್ಪಲಿ ಬಿಚ್ಚಿ, ಸೆರಗಿನಿಂದ ಒರೆಸಿದರು.

“ಹಂಗಾದ್ರ ಇನ್ನ ಅಕ್ಷರಾ ಯಾರು ಕೊರೀಬೇಕು?” ಎಂದರು ಮಾನಪ್ಪನವರು. ಯಾರನ್ನು ಕೇಳಿದರೋ ತಿಳಿಯದು.

ನೀಲವ್ವ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. ಕಾಲಿನ ಸ್ವಿಚ್ಚನ್ನು ತಮ್ಮ ಕಡೆ ಎಳೆದುಕೊಂಡು ಒತ್ತಿದರು, ಬ್ಲೇಡು ಕುಣಿಯಿತು. ಎತ್ತಿದರು, ನಿಂತಿತು. ಒಂದು ಚೂರು ಹಲಗೆ ಕೊಡು ಎಂದು ಇಮ್ತಿಯಾಜನನ್ನು ಕೇಳಿದರು. ಅವರು ಕೊರೆದ ಗೆರೆ ಕುಡಿದವರ ನಡಿಗೆಯ ಹಾಗಿತ್ತು. ಮಾನಪ್ಪನವರು ಹಿಂದೆ ನಿಂತು, ದೂಡಬೇಡ, ತಿರುಗಿಸು ಎಂದು ಮೆಲ್ಲಗೆ ಹೇಳಿಕೊಟ್ಟರು. ಭಾರವಾದ ಆ ಮೂರನೆಯ ಮಷೀನು ಟೆಂಪೋ ಏರಿತು. ನಾನು ಅಂಗಡಿಯಲ್ಲೇ ಉಳಿದೆ.

ನನ್ನ ಮೋಟಾರು ಬಿಚ್ಚಿ ಯಾರಿಗೋ ಕೊಟ್ಟರು, ಬೆಲ್ಟು ಇನ್ಯಾರಿಗೋ ಹೋಯಿತು. ಉಳಿದ ಕಬ್ಬಿಣ ಕೌಂಟರಿನ ಹಿಂದಿನ ಕಪಾಟಿನ ಕೆಳಗೆ ಬಿದ್ದಿದೆ. ಗುಜರಿಯ ಭಯ ಈಗ ಅಷ್ಟಿಲ್ಲ. ಬೆಂಕಿಯಿಂದ ಬಂದವನು ಬೆಂಕಿಗೆ ಹೋಗುತ್ತೇನೆ, ಅಷ್ಟೇ ತಾನೆ. ಆದರೆ ಆ ಮನೆಯಲ್ಲಿ ಏನಾಯಿತೋ ಎಂಬ ಭಯ ಒಂದು ದಿನವೂ ಬಿಡಲಿಲ್ಲ. ಮಾನಪ್ಪನವರು ಒಬ್ಬರೇ ಇದ್ದಾಗ ಮಷೀನು ಹಚ್ಚಿಬಿಟ್ಟರೆ? ನಡುಗದ ಮಷೀನು ಅದು, ಅಡುಗೆಮನೆಗೆ ಸದ್ದೂ ಹೋಗದು. ಕೈಗೆ ಪಟ್ಟಿ ಕಟ್ಟಿಕೊಂಡ ಗಿರಾಕಿ ಯಾರು ಬಂದರೂ ನನ್ನ ಜೀವ ಹಾರಿಹೋಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಬ್ಲೇಡು ಕೊಳ್ಳಲು ಬಂದರು. ಮಾನಪ್ಪನವರು ಎರಡೂ ಕೈಯನ್ನು ಕೌಂಟರಿನ ಮೇಲೆ ಊರಿದರು. ನಾನು ಒಂದೊಂದೇ ಬೆರಳನ್ನು ನೋಡಿದೆ. ಎಲ್ಲವೂ ಇದ್ದವು, ಎಲ್ಲವೂ ನೆಟ್ಟಗಿದ್ದವು. ಆಗಲೇ ನನಗೆ ಕಂಡದ್ದು, ನೀಲವ್ವ ತಮ್ಮ ಬಲಗೈಯನ್ನು ಸೆರಗಿನ ಒಳಗೆ ಇಟ್ಟುಕೊಂಡಿದ್ದಾರೆ. ಕೈಗೆ ಏನಾಯಿತು ಎಂದು ಇಮ್ತಿಯಾಜ್ ಕೇಳಿದ. ಅವರು ಹೊರತೆಗೆದ ತೋರುಬೆರಳಿಗೆ ದಪ್ಪನೆಯ ಬಟ್ಟೆ ಸುತ್ತಿತ್ತು. ನಿನ್ನೆ ‘ಳ’ ಕೊರೆಯುವಾಗ ಬ್ಲೇಡು ತಾಗಿ ಚುರ್ ಎಂದಿತು, ತಟ್ಟನೆ ಕೈ ಎಳೆದುಕೊಂಡೆ, ಮೇಲಿನ ಚರ್ಮ ಹೋಗಿದೆ ಅಷ್ಟೇ ಎಂದರು.

ಮಾನಪ್ಪನವರು ಆ ಬೆರಳನ್ನು ತಮ್ಮ ಅಂಗೈಯಲ್ಲಿ ತೆಗೆದುಕೊಂಡರು. ಅಂಗೈಗೆ ಏನೂ ತಿಳಿಯದೆಂದು ಗೊತ್ತಿದ್ದೂ, ಮೊದಲಿನ ಹಾಗೆ ಕಣ್ಣು ಮುಚ್ಚಿದರು.

“ನೋಯತೈತೇನು?” ಎಂದು ಕೇಳಿದರು.

“ಹೂಂ. ಭಾಳ ನೋಯತೈತ್ರಿ.”

“ಚಲೋ ಆತು,” ಎಂದರು ಮಾನಪ್ಪನವರು.