ಮ್ಯಾಲಿನವರು ಕೇಳ್ಯಾರ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಎದುರಿಗಿದ್ದ ಸುಮಿತ್ರಾಬಾಯಿಯ ಅಂಗಡಿ ಮೊದಲು ಎಸ್‌ಟಿಡಿ ಬೂತ್ ಆಗಿತ್ತು. ಊರಿಗೆ ಮೊಬೈಲು ಬಂದು ಬೂತಿನ ಕಡೆ ಜನ ಸುಳಿಯುವುದು ಕಡಿಮೆಯಾದಾಗ, ಗಾಳಿ ಬಂದಾಗ ತೂರಿಕೊಳ್ಳುವುದನ್ನು ಬಲ್ಲ ಆ ಹೆಂಗಸು ಗಾಜಿನ ಕೋಣೆ ಕೀಳಿಸಿ, ಒಂದು ಮೊಬೈಲ್ ಕಂಪನಿಯ ಸಿಮ್ಮು, ಕರೆನ್ಸಿ ಕಾರ್ಡು ಮಾರಲು ಕುಳಿತಳು. ಆ ಕಂಪನಿಗೆ ತಾಲೂಕಿನಲ್ಲಿ ಅದೊಂದೇ ಅಂಗಡಿ. ಬೂತಿನ ಕಾಲದ ಒಂದು ಬುದ್ಧಿಯನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. ಯಾರು ಯಾರಿಗೆ ಫೋನು ಹಚ್ಚಿದರು ಎಂಬುದು ಹೊಸ್ತಿಲು ದಾಟಬಾರದು. ದಾಟಿತೆಂದರೆ ಮರುದಿನದಿಂದ ಗಿರಾಕಿಗಳೂ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ.

ಒಂದು ಮಧ್ಯಾಹ್ನ ಹವಾಲ್ದಾರ ಭೀಮಶ್ಯಾ ಬಂದ. ಅಗರಖೇಡದವನು, ಇಂಡಿಯ ಠಾಣೆಯಿಂದ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆಯ ಮನುಷ್ಯ. ಹಿಂದಿನ ದೀಪಾವಳಿಯಲ್ಲಿ ಕಳ್ಳರು ಸುಮಿತ್ರಾಬಾಯಿಯ ಅಂಗಡಿಯ ಶಟರ್ ಎಬ್ಬಿಸಿದಾಗ ಹಗಲು ರಾತ್ರಿಯೆನ್ನದೆ ಅಡ್ಡಾಡಿ ಮಾಲು ಹುಡುಕಿಕೊಟ್ಟವನು ಅವನೇ. ಅವನು ಸಿಗರೇಟ್ ಪಾಕೀಟಿನ ಹಿಂದೆ ಬರೆದುಕೊಂಡಿದ್ದ ಒಂದು ನಂಬರನ್ನು ಕೌಂಟರಿನ ಮೇಲಿಟ್ಟ.

"ಬಾಯಾರ, ಈ ನಂಬರ್ ನಿಮ್ಮಲ್ಲೇ ತಗೊಂಡದ್ದಿರಬೇಕು. ಯಾರದು, ಎಲ್ಲಿರ್ತಾರ, ಅಷ್ಟ ಬೇಕಾಗೈತಿ. ಮ್ಯಾಲಿನವರು ಕೇಳ್ಯಾರ."

ನಂಬರ್ ನೋಡುತ್ತಲೇ ಸುಮಿತ್ರಾಬಾಯಿಗೆ ಮುಖ ನೆನಪಾಯಿತು. ಗೊಳಸಂಗಿಯ ಸುಮಂಗಲಾ. ಅಪ್ಪ ಸತ್ತ ಮೇಲೆ ತಾಯಿಯೊಂದಿಗೆ ಸೋದರಮಾವಂದಿರ ಮನೆಯಲ್ಲೇ ಬೆಳೆದ ಹುಡುಗಿ. ಕಿರಿಯ ಮಾವನಿಗೆ ಕೊಡುವುದೆಂದು ಹಿರಿಯರು ಆಕೆ ತೊಟ್ಟಿಲಲ್ಲಿದ್ದಾಗಲೇ ಮಾತಾಡಿಕೊಂಡಿದ್ದರು. ನರ್ಸಿಂಗ್ ಕಲಿತ ಮೇಲೆ ಆಕೆ, ಎತ್ತಿ ಆಡಿಸಿದವನನ್ನು ಗಂಡ ಎನ್ನಲಾರೆ ಎಂದು ಹೇಳಿ ಮನೆ ಬಿಟ್ಟಿದ್ದಳು. ಈಗ ನಾಲತವಾಡದಲ್ಲಿ ಒಬ್ಬ ಡಾಕ್ಟರರ ಬಳಿ ಕೆಲಸ. ಸಿಮ್ಮು ಕೊಳ್ಳುವಾಗ ಫಾರ್ಮಿನಲ್ಲಿ ವಿಳಾಸ ಬರೆಯಬೇಕಾದಲ್ಲಿ ಪೆನ್ನು ನಿಲ್ಲಿಸಿ, ಇದನ್ನು ಯಾರಿಗೆಲ್ಲ ತೋರಿಸುತ್ತೀರಿ ಎಂದು ಕೇಳಿದ್ದಳು. ಕಂಪನಿಗೆ, ಆಮೇಲೆ ಕಾಯ್ದೆ ಪ್ರಕಾರ ಕೇಳಿದರೆ ಸರ್ಕಾರಕ್ಕೆ, ಮತ್ತೆ ಯಾರಿಗೂ ಇಲ್ಲ ಎಂದು ಸುಮಿತ್ರಾಬಾಯಿ ಹೇಳಿದ ಮೇಲೆಯೇ ಪೆನ್ನು ಮುಂದೆ ಹೋಗಿತ್ತು.

ಸುಮಿತ್ರಾಬಾಯಿ ಮೊದಲು ಚಹಾ ತರಿಸಿದಳು. ಹವಾಲ್ದಾರ ಚಹಾ ಕುಡಿಯುವಷ್ಟರಲ್ಲಿ ಒಳಗೆ ಹೋಗಿ ವಿಜಾಪುರಕ್ಕೆ, ಕಂಪನಿಯ ಸಂಜೀವಕುಮಾರನಿಗೆ ಫೋನು ಹಚ್ಚಿದಳು. ಅಂಗಡಿಯ ಗೋಡೆಗೆ ನಿಯಮದ ಹಾಳೆ ಅಂಟಿಸಿ ಹೋದವನು ಅವನೇ. ಗಿರಾಕಿಯ ವಿವರವನ್ನು ಅಂಗಡಿಯವರು ಯಾರಿಗೂ ಕೊಡುವಂತಿಲ್ಲ, ಪೊಲೀಸರು ಬೇಕಾದರೆ ಅಧಿಕಾರಿಯ ಸಹಿಯ ಪತ್ರವನ್ನು ಬೆಂಗಳೂರಿನ ಕಚೇರಿಗೆ ಕಳಿಸಬೇಕು, ಉತ್ತರ ಅಲ್ಲಿಂದಲೇ ಹೋಗುತ್ತದೆ ಎಂದು ಅದರಲ್ಲಿತ್ತು. ಆದರೆ ಫೋನಿನಲ್ಲಿ ಸಂಜೀವಕುಮಾರನ ರಾಗವೇ ಬೇರೆ. ಪೊಲೀಸರನ್ನು ಎದುರು ಹಾಕಿಕೊಂಡು ವ್ಯಾಪಾರ ಆಗುತ್ತದೆಯೇ, ಸುಮ್ಮನೆ ಕೊಟ್ಟು ಕಳಿಸಿಬಿಡಿ ಎಂದ.

"ಆತು. ಇದನ್ನ ಎರಡು ಸಾಲು ಬರದು, ಸಹಿ ಮಾಡಿ ಫ್ಯಾಕ್ಸ್ ಮಾಡ್ರಿ. ಈಗಿಂದೀಗ ಕೊಡ್ತೇನಿ."

ಸಹಿಯ ಮಾತು ಬಂದದ್ದೇ ಸಂಜೀವಕುಮಾರ ಹಿಂದೆ ಸರಿದ. "ಹಂಗಾದ್ರ ಬ್ಯಾಡ ಬಿಡ್ರಿ. ಗ್ವಾಡಿ ಮ್ಯಾಲ ಬರದಂಗ ಮಾಡ್ರಿ," ಎಂದು ಇಟ್ಟುಬಿಟ್ಟ.

ಸುಮಿತ್ರಾಬಾಯಿ ಹೊರಗೆ ಬಂದು ಹವಾಲ್ದಾರನಿಗೆ ಗೋಡೆಯ ಹಾಳೆ ತೋರಿಸಿದಳು. ಅದು ಅವನ ಮನಸ್ಸಿಗೆ ಚುಚ್ಚಿತು.

"ನಮ್ಮ ನಿಮ್ಮ ನಡುವ ಕಾಗದ ಯಾಕ್ರಿ? ನಿಮ್ಮ ಕಳ್ಳನ್ನ ಹುಡುಕುವಾಗ ನಾ ಕಾಗದ ಕೇಳಿದ್ನೇನು?"

"ಕೇಳಿದ್ರಲ್ರಿ ಅಣ್ಣಾರ. ಮೊದಲ ಬರದ ಫಿರ್ಯಾದಿ ಸರಿ ಇಲ್ಲಂತ ಎರಡನೇ ಸಲ ಬರಸಿದ್ರಿ."

ಭೀಮಶ್ಯಾನಿಗೆ ನಗು ತಡೆಯಲಾಗಲಿಲ್ಲ. ಚಹಾ ಗ್ಲಾಸು ಸರಿಸಿ, ಅರ್ಜಿ ನಾನೇ ಬರೆಯುತ್ತೇನೆ, ಸಾಹೇಬರ ಸಹಿ ಆಮೇಲೆ ಹಾಕಿಸುತ್ತೇನೆ ಎಂದು ಹಾಳೆ ಇಸಿದುಕೊಂಡ. ಮೇಲಿನವರ ಆದೇಶದ ಮೇರೆಗೆ ಎಂದು ಶುರು ಮಾಡಿದ. ಸುಮಿತ್ರಾಬಾಯಿ ತಲೆಕೆಳಗಾಗಿಯೇ ಓದಿಕೊಂಡು, ಬೆಂಗಳೂರಿನವರಿಗೆ ಮೇಲಿನವರು ಯಾರೆಂದು ಹೇಗೆ ತಿಳಿಯಬೇಕು, ಹೆಸರು ಹಾಕಿರಿ ಎಂದಳು.

"ಫೌಜದಾರ್ ಸಾಹೇಬ್ರ ಇರಬೇಕು," ಎಂದ ಹವಾಲ್ದಾರ.

"ಇರಬೇಕು ಅಂದ್ರ? ಅವರ ಬಾಯಿಲೆ ಕೇಳಿಲ್ಲೇನು?"

ಕೇಳಿರಲಿಲ್ಲ. ಬೆಳಿಗ್ಗೆ ಠಾಣೆಯ ಮುಂದೆ ಖಂಡೆಪ್ಪ ಎಂಬುವನು ಜೀಪು ನಿಲ್ಲಿಸಿ, ಚೀಟಿ ಕೈಗಿಟ್ಟು, ಮ್ಯಾಲಿನವರು ಕೇಳ್ಯಾರ, ಲಗೂನ ತಿಳಿಸಬೇಕಂತ ಎಂದು ಹೇಳಿ ಹೋಗಿದ್ದ. ಖಂಡೆಪ್ಪ ದಿನಾಲೂ ಠಾಣೆಗೆ ಬಂದು ಹೋಗುವವನು, ಸಾಹೇಬರೊಡನೆ ನಗುತ್ತ ಮಾತಾಡುವವನು. ಸಾಹೇಬರೇ ಅವನ ಕೈಯಲ್ಲಿ ಹೇಳಿ ಕಳಿಸಿದ್ದಾರೆಂದು ಭೀಮಶ್ಯಾ ತಿಳಿದಿದ್ದ.

"ಯಾವ ಖಂಡೆಪ್ಪ? ಗೊಳಸಂಗಿಯವನ?"

"ಹೌದ್ರಿ."

ಸುಮಿತ್ರಾಬಾಯಿ ಕುರ್ಚಿ ಎಳೆದುಕೊಂಡು ಕುಳಿತಳು. ಗೊಳಸಂಗಿಯಲ್ಲಿ ದಿಬ್ಬದ ಮೇಲೆ ಒಂದು ದೊಡ್ಡ ಮನೆಯಿದೆ. ಅಲ್ಲಿನ ಗೌಡರ ಹೆಸರು ಹಿಡಿದು ಊರವರು ಮಾತಾಡುವುದಿಲ್ಲ. ಹೊಲಕ್ಕೆ ಆಳು ಬೇಕೆಂದರೂ ಮ್ಯಾಲಿನವರು ಕರೆದಿದ್ದಾರೆ, ಮಜ್ಜಿಗೆ ಕೊಟ್ಟರೂ ಮ್ಯಾಲಿನವರು ಕೊಟ್ಟರು. ಖಂಡೆಪ್ಪ ಓಡಿಸುವುದು ಆ ಮನೆಯ ಜೀಪು. ಇಷ್ಟನ್ನೂ ಆಕೆ ನಿಧಾನವಾಗಿ ಬಿಡಿಸಿ ಹೇಳಿದಳು. ಆ ಮನೆಯೇ ಸುಮಂಗಲಾಳ ಸೋದರಮಾವಂದಿರದು, ನಂಬರ್ ಆಕೆಯದು ಎಂಬುದನ್ನು ಮಾತ್ರ ಹೇಳಲಿಲ್ಲ.

ಭೀಮಶ್ಯಾ ಅರ್ಧ ಬರೆದ ಹಾಳೆಯನ್ನು ನೋಡುತ್ತ ಕುಳಿತ. "ಹಂಗಾದ್ರ ಸರ್ಕಾರದ ಟೊಪಗಿ ಹಾಕ್ಕೊಂಡು ಗೌಡ್ರ ಆಳಾಗಿ ಬಂದೇನಿ."

"ಗೊತ್ತಿಲ್ಲದ ಬಂದೀರಿ. ಮ್ಯಾಲಿನವರು ಅಂದ್ರ ನಿಮ್ಮ ಠಾಣ್ಯಾಗ ಒಬ್ಬರು, ಗೊಳಸಂಗ್ಯಾಗ ಒಬ್ಬರು. ನೀವು ಭೀಮಾ ಹೊಳಿ ದಂಡಿಯವರು, ನಿಮಗೇನು ಗೊತ್ತು?"

ಅವನು ಠಾಣೆಗೆ ಹೋಗಿ ಕೇಳಿದ. ಫೌಜದಾರರು ಯಾವ ನಂಬರೂ ಕೇಳಿರಲಿಲ್ಲ. ಸಂಜೆ ಖಂಡೆಪ್ಪ ಎದುರಾದಾಗ ಭೀಮಶ್ಯಾ ಸಿಟ್ಟು ಮಾಡಲಿಲ್ಲ, ಹಾಗೆಲ್ಲ ಕೊಡುವುದಿಲ್ಲವಂತೆ, ಮೇಲಿನವರು ಸಹಿ ಮಾಡಿದ ಪತ್ರ ಬೇಕಂತೆ ಎಂದಷ್ಟೇ ಹೇಳಿ ಕಳಿಸಿದ. ಅಷ್ಟಕ್ಕೇ ಮುಗಿಯಿತೆಂದು ಅವನು ತಿಳಿದ.

ಮುಗಿಯಲಿಲ್ಲ. ಎರಡು ದಿನ ಬಿಟ್ಟು ಖಂಡೆಪ್ಪ ಅಂಗಡಿಗೆ ಬಂದು ಹೆಮ್ಮೆಯಿಂದ ಒಂದು ಲಕೋಟೆ ಇಟ್ಟ. ಒಳಗೆ ಹಿರಿಯ ಗೌಡರದೇ ಸಹಿಯ ಪತ್ರ. ನಮ್ಮ ಮನೆಯ ಹುಡುಗಿ ಎಲ್ಲಿದ್ದಾಳೆಂದು ತಿಳಿಸತಕ್ಕದ್ದು, ಕರೆತರಲು ಜೀಪು ಸಿದ್ಧವಿದೆ ಎಂದು ಬರೆದಿತ್ತು. ಮೇಲಿನವರ ಪತ್ರ ಕೇಳಿದ್ದರು, ಮೇಲಿನವರು ಕೊಟ್ಟಿದ್ದರು.

ಸುಮಿತ್ರಾಬಾಯಿ ಎರಡು ಸಲ ಓದಿದಳು. ನಗಲಿಲ್ಲ.

"ಚಲೋ ಆತು, ಖಂಡೆಪ್ಪ. ಇದನ್ನ ಬೆಂಗಳೂರಿಗೆ ಕಳಸ್ತೇನಿ. ಪೊಲೀಸರ ಸಹಿ ಇಲ್ಲದ ಕಾಗದ ಯಾಕ ಬಂತು, ದೊಡ್ಡಾಕಿ ಆದ ಹುಡುಗಿನ್ನ ಯಾಕ ಕರಕೊಂಡು ಬರ್ತಾರ ಅಂತ ಅವರು ಕೇಳಬಹುದು. ಕೇಳಿದ್ರ ಗೌಡ್ರ ಹೆಸರು ಹೇಳಬೇಕಾಗತೈತಿ. ಹೆಸರು ಇದರಾಗ ಐತೆಲ್ಲ."

ಖಂಡೆಪ್ಪನ ಕೈ ಲಕೋಟೆಯ ಕಡೆ ಬಂತು. ಒಂದು ಮಾತು ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಅದನ್ನು ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಜೀಪು ಅಂಗಡಿಯ ಮುಂದೆ ಆಗಾಗ ಹಾಯುತ್ತಿತ್ತು, ನಿಲ್ಲುತ್ತಿರಲಿಲ್ಲ.

ಆ ಕಂಪನಿಯ ಕರೆನ್ಸಿ ನಾಲತವಾಡದಲ್ಲಿ ಸಿಗುತ್ತಿರಲಿಲ್ಲ. ಸುಮಂಗಲಾ ಅದಕ್ಕೆಂದು ಬಂದಾಗ ಸುಮಿತ್ರಾಬಾಯಿ ಮುಚ್ಚಿಡಲಿಲ್ಲ. ಇಂಥವರು ಕೇಳಿದರು, ಕೊಡಲಿಲ್ಲ ಎಂದು ಮೊದಲಿಂದ ಹೇಳಿದಳು. ನಂಬರ್ ಅವರಿಗೆ ಸಿಕ್ಕಿದ್ದು ಹೇಗೆಂದು ಹುಡುಗಿ ಯೋಚಿಸುವುದೇ ಬೇಕಿರಲಿಲ್ಲ. ಇನ್ನೂ ಆ ಮನೆಯಲ್ಲೇ ಇರುವ ತಾಯಿ ಸಾವಂತ್ರವ್ವನಿಗೆ ಓದು ಬರದು. ಮಗಳ ನಂಬರ್ ಮರೆಯಬಾರದೆಂದು ರೊಟ್ಟಿ ಬಡಿಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ. ಯಾರೋ ಕೇಳಿ ಬರೆದುಕೊಂಡಿದ್ದರು.

"ಬ್ಯಾರೆ ನಂಬರ್ ಕೊಡ್ಲೇನವ್ವ?"

"ಬ್ಯಾಡ್ರಿ ಅಕ್ಕಾರ. ಅವ್ವಗ ಇದೊಂದ ಬಾಯಿಪಾಠ ಐತಿ." ಸುಮಂಗಲಾ ಕಾರ್ಡಿಗೆ ದುಡ್ಡು ಎಣಿಸುತ್ತ ಕೇಳಿದಳು, "ಮತ್ತ ಯಾರರ ಕೇಳಾಕ ಬಂದ್ರ?"

"ಬರ್ಲಿ. ಅವರಿಗೂ ಹೆಸರು ಹಾಕಿ ಬರೀರಿ ಅಂತೇನಿ," ಎಂದು ಸುಮಿತ್ರಾಬಾಯಿ ಕರೆನ್ಸಿ ಕಾರ್ಡು ಹರಿದು ಕೊಟ್ಟಳು.

ಹುಡುಗಿ ಅಲ್ಲೇ ನಿಂತು ಉಗುರಿನಿಂದ ಕಾರ್ಡು ಕೆರೆದಳು. ಆಮೇಲೆ ನಾಲತವಾಡಕ್ಕೆ ಮರಳಲು ಮುದ್ದೇಬಿಹಾಳದ ಬಸ್ಸಿಗೆ ಹೊರಟಳು.