ಮಿಂಚುಹುಳ, ಬಿಡು

ಕಿಟಕಿಯ ಕಂಡಿಯೊಳಗೆ ಕೈ ತೂರಿ ಬಂದಾಗಲೇ ಅದು ಭಾವನ ಕೈ ಎಂದು ಅವಳಿಗೆ ಗೊತ್ತಾಯಿತು. ಕುದುರೆ ರೇಸಿನ ಪಣದ ಚೀಟಿ ಕೊಡುವ ಏಳನೇ ಕಿಟಕಿಯಲ್ಲಿ ಕೂತವರಿಗೆ ಮುಖಗಳು ಕಾಣುವುದು ಅಪರೂಪ. ಗಾಜಿನ ಮೇಲೆ ಎದೆಮಟ್ಟದವರೆಗೂ ನಿಯಮಗಳ ಪಟ್ಟಿ ಅಂಟಿಸಿದ್ದರು. ಅದರ ಕೆಳಗಿನ ಕಂಡಿಯಲ್ಲಿ ಬರೀ ಕೈಗಳು ಬರುತ್ತಿದ್ದವು, ಹೋಗುತ್ತಿದ್ದವು. ಗೆದ್ದವರ ಕೈ ಅಂಗೈ ಮೇಲಾಗಿ ಬರುತ್ತದೆ. ಸೋಲುತ್ತಿರುವವರ ಕೈ ನೋಟು ಕೊಟ್ಟ ಮೇಲೂ ಅರೆಗಳಿಗೆ ಅದನ್ನು ಹಿಡಿದೇ ಇರುತ್ತದೆ. ಮೂರು ವರ್ಷದಲ್ಲಿ ಅವಳು ಇಷ್ಟು ಕಲಿತಿದ್ದಳು. ಭಾವನದು ಬೇರೆ ಜಾತಿಯ ಕೈ. ಮೊದಲು ಹಲಗೆಯನ್ನು ಕುಟ್ಟಿ ಆಮೇಲೆ ಒಳಗೆ ಬರುವಂಥದ್ದು. ಹೆಬ್ಬೆರಳಿನ ಉಗುರು ಸಾಮಾನು ಸಾಗಿಸುವ ವ್ಯಾನಿನ ಬಾಗಿಲಿಗೆ ಸಿಕ್ಕಿ ಕಪ್ಪಾಗಿತ್ತು.

"ಏನು ಪದವೀಧರೆ, ವ್ಯಾಪಾರ ಜೋರಾ?"

ಬೇರೆ ಆರು ಕಿಟಕಿ ಇದ್ದರೂ ಇವಳ ಕಿಟಕಿಗೇ ಬಂದಿದ್ದಾನೆ ಎಂದರೆ ಬೇಕೆಂದೇ ಬಂದಿದ್ದಾನೆ.

"ನಾಲ್ಕನೇ ನಂಬರು. ಮಿಂಚುಹುಳ. ಗೆಲುವಿಗೆ." ಹಲಗೆಯ ಮೇಲೆ ಒಂದು ಬಟ್ಟೆಯ ಚೀಲ ಬಂದು ಬಿತ್ತು. "ಪೂರ್ತಿ ಬಿಡು."

ರೇಸಿನವರ ಮಾತೇ ಹಾಗೆ, ಪಣ ಕಟ್ಟು ಎನ್ನುವುದಕ್ಕೆ ಬಿಡು ಎನ್ನುತ್ತಾರೆ. ಎರಡಕ್ಕೆ ನೂರು ಬಿಡಿ, ಆರಕ್ಕೆ ಸಾವಿರ ಬಿಡಿ ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಆದರೆ ಚೀಲವನ್ನು ನೋಡಿ ಅವಳ ಕೈ ಚೀಟಿ ಯಂತ್ರದ ಗುಂಡಿಯ ಮೇಲೆ ಹಾಗೇ ನಿಂತಿತು. ಶಾಲೆಯ ಸಮವಸ್ತ್ರದ ನೀಲಿ ಚೂರಿನಲ್ಲಿ ಹೊಲಿದ ಚೀಲ, ಬಾಯಿಗೆ ಹೊಂದಿಕೆಯಾಗದ ಕೆಂಪು ಗುಂಡಿ. ಅಕ್ಕನದು. ಎರಡನೇ ಹೊಲಿಗೆ ಯಂತ್ರಕ್ಕೆಂದು ಅಕ್ಕ ಎರಡು ವರ್ಷ ಕೂಡಿಟ್ಟಿದ್ದು ಇದರಲ್ಲೇ. ಸೋಮವಾರ ಯಂತ್ರ ಬಂದರೆ ಒಂದಿಡೀ ಶಾಲೆಯ ಸಮವಸ್ತ್ರದ ಕೆಲಸ ಅಕ್ಕನಿಗೆ. ಬರದಿದ್ದರೆ ಆ ಕೆಲಸ ಎದುರು ಬೀದಿಯ ದರ್ಜಿಗೆ. ಮನೆಯ ಮುಂಗೋಣೆಯ ನೆಲದಲ್ಲಿ, ಯಂತ್ರದ ನಾಲ್ಕು ಕಾಲು ಎಲ್ಲೆಲ್ಲಿ ಕೂರಬೇಕೋ ಅಲ್ಲಲ್ಲಿ, ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಾಲ್ಕು ಚೌಕ ಬರೆದಿಟ್ಟಿದ್ದಳು. ದಿನಾ ಅವನ್ನು ದಾಟಿಕೊಂಡು ಓಡಾಡುತ್ತಿದ್ದಳು.

ಗೋಡೆಯ ಗಡಿಯಾರದಲ್ಲಿ ಓಟಕ್ಕೆ ಇನ್ನು ನಾಲ್ಕು ನಿಮಿಷ ಇತ್ತು.

ಮಿಂಚುಹುಳದ ಹೆಸರು ಭಾವನಿಗೆ ಎಲ್ಲಿ ಸಿಕ್ಕಿತೆಂದು ಅವಳು ಯೋಚಿಸಬೇಕಾಗಿರಲಿಲ್ಲ. ನಿನ್ನೆ ಸಂಜೆ ಅವಳ ಕಣ್ಣೆದುರಿಗೇ ಸಿಕ್ಕಿತ್ತು.

ಸಿಕ್ಕಿದ್ದು ಅಪ್ಪನ ಪುಸ್ತಕದಲ್ಲಿ. ಅಪ್ಪ ಇದೇ ಮೈದಾನದ ತೂಕದ ಕೋಣೆಯಲ್ಲಿ ಗುಮಾಸ್ತರಾಗಿದ್ದರು. ಓಟಕ್ಕೆ ಮೊದಲು ಸವಾರರು ಜೀನು ಹೊತ್ತುಕೊಂಡು ತಕ್ಕಡಿಯ ಮೇಲೆ ಕೂರುತ್ತಾರೆ, ಓಟ ಮುಗಿದ ಮೇಲೆ ಮತ್ತೆ ಬಂದು ಕೂರುತ್ತಾರೆ; ಆ ಎರಡು ತೂಕ ಬರೆದುಕೊಳ್ಳುವುದು ಅಪ್ಪನ ಕೆಲಸ. ಇಪ್ಪತ್ತಾರು ವರ್ಷ ಬರೆದರು, ಒಂದು ದಿನವೂ ಪಣ ಕಟ್ಟಲಿಲ್ಲ. ಮನೆಗೆ ಬಂದು ತಮ್ಮದೇ ಪುಸ್ತಕದಲ್ಲಿ ಮುಂದಿನ ವಾರದ ಕುದುರೆಗಳ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಕೂರುತ್ತಿದ್ದರು. "ಗೆಲ್ಲೋ ಕುದುರೆ ಗೊತ್ತು ಅನ್ನೋನು ಸುಳ್ಳು ಹೇಳ್ತಾನೆ ಮಗಳೇ. ಸೋಲೋದು ಯಾವುದು ಅಂತ ಬೇಕಾದ್ರೆ ಹೇಳಬಹುದು" ಎನ್ನುತ್ತಿದ್ದರು. ಹಿಂದಿನ ಓಟಕ್ಕಿಂತ ತೂಕ ಹೆಚ್ಚಿದ್ದರೆ ಒಂದು ಕಾರಣ. ದೂರ ಹೆಚ್ಚಿದ್ದರೆ ಇನ್ನೊಂದು. ಓಟ ಶುರುವಾಗುವ ಸಾಲಿನಲ್ಲಿ ಒಳಬೇಲಿಯಿಂದ ದೂರದ ಬಾಗಿಲು ಸಿಕ್ಕಿದ್ದರೆ ಮೂರನೆಯದು. ಮೂರೂ ಕೂಡಿ, ಅದರ ಮೇಲೆ ಜನ ಆ ಕುದುರೆಗೇ ಮುಗಿಬೀಳುತ್ತಿದ್ದರೆ ಅಪ್ಪ ಹೆಸರಿನ ಪಕ್ಕ ದುಂಡಗೆ ಒಂದೇ ಪದ ಬರೆಯುತ್ತಿದ್ದರು: ಬಿಡು. ಮುಟ್ಟಬೇಡ, ಅತ್ತ ತಿರುಗಿಯೂ ನೋಡಬೇಡ ಎಂದು ಅದರ ಅರ್ಥ.

ಪುಸ್ತಕದ ನಡುವೆ, ಅಪ್ಪ ತೀರಿಹೋದ ವಾರದ ಪುಟದಲ್ಲಿ, ಅಪ್ಪನ ಅಕ್ಷರ ನಿಂತು ಅವಳ ಅಕ್ಷರ ಶುರುವಾಗುತ್ತದೆ. ಅವಳೂ ಪಣ ಕಟ್ಟುವುದಿಲ್ಲ. ಹನ್ನೊಂದು ಹೆಸರಿನ ಪಟ್ಟಿಯಿಂದ ಆಗದವುಗಳನ್ನು ತೆಗೆಯುತ್ತ ಹೋದಾಗ ತಲೆಯೊಳಗಿನ ಗದ್ದಲ ತಗ್ಗುತ್ತದೆ, ಅಷ್ಟೇ. ಅದೇ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ದಿನಚರಿ ಬರೆಯುತ್ತಿದ್ದಳು. ಅದು ತಪ್ಪಾಯಿತು.

ನಿನ್ನೆ ಸಂಜೆ ಮುಂಗೋಣೆಯಲ್ಲಿ ಅಳತೆ ಕೊಡಲು ಬಂದ ಮೂವರು ಹೆಂಗಸರು ಕೂತಿದ್ದರು. ಭಾವ ಅವಳ ಹಾಸಿಗೆಯ ಕೆಳಗಿನಿಂದ ಪುಸ್ತಕ ತಂದು, ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತು, ವಾರ್ತೆ ಓದುವ ಧಾಟಿಯಲ್ಲಿ ಓದತೊಡಗಿದ.

"'ಇವತ್ತು ಯಾರ ಜೊತೆಯೂ ಮಾತಾಡಲಿಲ್ಲ. ದಿನ ಚೆನ್ನಾಗಿತ್ತು.' ಕೇಳಿದ್ರಾ? ನಮ್ಮ ಮೂಗಿ ರಾಣಿಯ ಮಾತುಗಳು!"

ಹೆಂಗಸರು ನಕ್ಕರು. ಅವಳು ಕೈಚಾಚಿದಳು. ಭಾವ ಪುಸ್ತಕವನ್ನು ತಲೆಯ ಮೇಲೆತ್ತಿ ಹಿಡಿದು ಇನ್ನೊಂದು ಪುಟ ತೆಗೆದ.

"'ಅಕ್ಕನಿಗೆ ಸಿಕ್ಕಿದ್ದು ಗಂಡನಲ್ಲ, ದುಡ್ಡು ಕೊಡದ ಗಿರಾಕಿ.'"

ಈ ಸಲ ಯಾರೂ ನಗಲಿಲ್ಲ. ಭಾವನೊಬ್ಬನೇ ಹಲ್ಲು ಬಿಟ್ಟುಕೊಂಡಿದ್ದ, ಆದರೆ ಅದು ನಗುವಾಗಿರಲಿಲ್ಲ. "ನನ್ನ ಮನೇಲಿ ತಿಂದು ನನಗೇ ಬರೀತಾಳೆ. ಇದಕ್ಕೇ ಇವಳನ್ನ ಓದಿಸಿದ್ದು ನಿಮ್ಮಪ್ಪ," ಎಂದ ಅಕ್ಕನ ಕಡೆ ತಿರುಗಿ.

"ನಮ್ಮಪ್ಪನ ಮನೆ ಇದು," ಎಂದಳು ಅವಳು. ದನಿ ಅವಳಿಗೇ ಕೇಳಿಸಲಿಲ್ಲ.

"ಏನು? ಬಾಯಿ ಬಿಡೇ. ಬರೆಯೋಕೆ ಬರುತ್ತೆ, ಬಾಯಿ ಬಿಡೋಕೆ ಬರಲ್ವಾ?"

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಅಂಗಿಯ ತೋಳಿನ ದಾರವನ್ನು ಹಲ್ಲಿನಿಂದ ಕಡಿದು, ಮುಖ ಎತ್ತದೆಯೇ, "ಹೋಗ್ಲಿ ಬಿಡು. ತಮಾಷೆಗೆ ಓದಿದ್ರು," ಎಂದಳು. ಅಕ್ಕನ ಎಲ್ಲ ಜಗಳಗಳೂ ಹೀಗೇ ಮುಗಿಯುತ್ತಿದ್ದವು. ಭಾವ ಸಂಬಳ ಕಳೆದು ಬಂದಾಗಲೂ ಹೋಗ್ಲಿ ಬಿಡು, ಅಪ್ಪನ ಕೈಗಡಿಯಾರ ಮಾಯವಾದಾಗಲೂ ಹೋಗ್ಲಿ ಬಿಡು. ಆದರೆ ನಿನ್ನೆ ಅದನ್ನು ಹೇಳುವಾಗ ಅಕ್ಕನ ಕಿವಿ ಕೆಂಪಾಗಿತ್ತು. ಗಿರಾಕಿಯ ಸಾಲು ಅವಳಿಗೂ ತಾಗಿತ್ತು.

ಭಾವ ಪುಸ್ತಕವನ್ನು ಎಸೆಯಲು ಹೊರಟು, ಸುಮ್ಮನೆ ಮುಂಭಾಗದ ಪುಟಗಳನ್ನು ಮಗುಚಿದ್ದ. ಒಂದು ಕಡೆ ಅವನ ಕಪ್ಪು ಉಗುರು ನಿಂತಿತು. ಇವತ್ತಿನ ಓಟಗಳ ಪಟ್ಟಿ. ಐದನೇ ಓಟ, ನಾಲ್ಕನೇ ನಂಬರು. ಅವನ ತುಟಿ ಎರಡು ಪದಗಳಿಗೆ ಅಲುಗಿದ್ದನ್ನು ಅವಳು ನೋಡಿದ್ದಳು. ಅವನು ತಟ್ಟನೆ ಪುಸ್ತಕ ಮುಚ್ಚಿ, ಬಹಳ ಮರ್ಯಾದೆಯಿಂದ ಅದನ್ನು ಮೇಜಿನ ಮೇಲಿಟ್ಟ. ಆ ಮರ್ಯಾದೆ ಯಾಕೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಈಗ ಹೊಳೆಯಿತು.

ಭಾವನಿಗೂ ಪದ್ಧತಿಗಳಿದ್ದವು, ವಾರಕ್ಕೊಂದು. ಸೋತರೆ ಮುಂದಿನ ಓಟಕ್ಕೆ ಎರಡರಷ್ಟು ಕಟ್ಟುವುದು. ಹಾಗೆ ಮಾಡುತ್ತ ಹೋದರೆ ಒಂದಲ್ಲ ಒಂದು ಸಲ ಬಂದೇ ಬರುತ್ತದೆ ಎಂದು ಅವನು ಮೇಜಿನ ಮೇಲೆ ಬೆರಳಿಂದ ಬರೆದು ಅಕ್ಕನಿಗೆ ತೋರಿಸಿದ್ದ. ಬರುವಷ್ಟರಲ್ಲಿ ಕಟ್ಟಲು ಏನೂ ಉಳಿದಿರಲಿಲ್ಲ. ಆಮೇಲೆ ಜನರ ಎರಡನೇ ಮೆಚ್ಚಿನ ಕುದುರೆಗೆ ಮಾತ್ರ ಕಟ್ಟುವುದು. ಆಮೇಲೆ ಬಾಲ ಎತ್ತಿಕೊಂಡು ನಡೆಯುವ ಕುದುರೆಗೆ. ಇಷ್ಟು ವರ್ಷ ಅಪ್ಪನ ಪುಸ್ತಕದಲ್ಲಿ ಗುಟ್ಟಿದೆ, ಅಪ್ಪ ಮಕ್ಕಳು ಬಚ್ಚಿಟ್ಟಿದ್ದಾರೆ ಎಂದು ಕಾಡುತ್ತಿದ್ದ. ಈಗ ಗುಟ್ಟು ಸಿಕ್ಕಿದೆ. ಮಿಂಚುಹುಳ, ಬಿಡು. ರೇಸಿನವನ ಕಣ್ಣಿಗೆ ಆ ಪದಕ್ಕೆ ಇರುವುದು ಒಂದೇ ಅರ್ಥ.

"ಏನು ಕನಸು ಕಾಣ್ತಿದೀಯ? ಒತ್ತು," ಎಂದ ಭಾವ.

"ಇದು ಅಕ್ಕನ ಚೀಲ."

"ಅಕ್ಕ ಯಾರ ಹೆಂಡತಿ? ಒಂದು ಯಂತ್ರ ಯಾಕೆ, ಮೂರು ತಂದು ಹಾಕ್ತೀನಿ. ನೀನು ನಿನ್ನ ಕೆಲಸ ಮಾಡು."

ಭಾವನ ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. "ಅಲ್ಲೇನು ಸಂಸಾರ ಮಾಡ್ತಿದೀರಾ? ಬೇಗ ಬಿಡ್ರಪ್ಪ!"

ಮೂರು ನಿಮಿಷ. ಗಂಟೆ ಬಾರಿಸಿದರೆ ಚೀಟಿ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಸುಮ್ಮನೆ ಕಾಗದದ ಸುರುಳಿ ಸಿಕ್ಕಿಕೊಂಡಿದೆ ಎಂದರೂ ಸಾಕು, ಮೂರು ನಿಮಿಷ ಕಳೆದುಹೋಗುತ್ತದೆ. ಗಾಜಿನ ಮೇಲಿನ ಪಟ್ಟಿಯಲ್ಲಿ ಏಳನೇ ನಿಯಮ: ಸಿಬ್ಬಂದಿ ಯಾರಿಗೂ ಸಲಹೆ ಕೊಡತಕ್ಕದ್ದಲ್ಲ. ಅವಳ ಹಿಂದೆ ಮೇಲ್ವಿಚಾರಕ ಕೈಕಟ್ಟಿಕೊಂಡು ಅಡ್ಡಾಡುತ್ತಿದ್ದ. ಸಿಬ್ಬಂದಿ ಅವನ ಕನ್ನಡಕ ನೋಡಿ ಅವನನ್ನು ಚಾಳೀಸು ಎಂದು ಕರೆಯುತ್ತಿದ್ದರು. ಚಾಳೀಸಿಗೆ ಕಿವಿ ಅಷ್ಟು ಚುರುಕಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಭಾವ ಬಗ್ಗಿದ. ಕಂಡಿಯ ಮಟ್ಟಕ್ಕೆ ಅವನ ಬಾಯಿ ಬಂತು, ಬರೀ ಬಾಯಿ.

"ಹೊಟ್ಟೆ ಉರೀತಿದೆ ಅಲ್ವಾ? ನಾನು ನೋಡಿಬಿಟ್ಟೆ ಅಂತ? ಸರಿ, ನಿನ್ನ ಬಾಯಿಂದಲೇ ಕೇಳೋಣ. ನಾಲ್ಕನೇ ನಂಬರಿಗೆ ಏನು ಬರೆದಿದೀಯ? ಹೇಳು. ಹೇಳೇ ಮೂಗಿ, ಬಾಯಿ ಬಿಡು."

ಅವಳ ನಾಲಗೆಯ ಮೇಲೆ ಇಡೀ ವಾಕ್ಯ ಸಿದ್ಧವಾಗಿತ್ತು. ನೀವು ಅಂದುಕೊಂಡ ಅರ್ಥ ಅದಲ್ಲ, ಆ ಕುದುರೆ ಸೋಲುತ್ತದೆ, ಚೀಲ ತೆಗೆದುಕೊಂಡು ಮನೆಗೆ ಹೋಗಿ. ಉಸಿರು ಎಳೆದುಕೊಂಡಳು. ಆಗ ಆ ಬಾಯಿ ನಕ್ಕಿತು. ನಿನ್ನೆ ಸಂಜೆಯ ಹಲ್ಲುಗಳೇ.

"ಬಿಡು," ಎಂದಳು.

"ಹಾಂ! ಹಾಗೆ ಬಾ ದಾರಿಗೆ."

ಚೀಲದ ನೋಟುಗಳನ್ನು ಎಣಿಸಿಕೊಂಡು ಗುಂಡಿ ಒತ್ತಿದಳು. ಚೀಟಿ ಕರಕರನೆ ಹೊರಬಂತು. ಕೈ ಅದನ್ನು ಕಿತ್ತುಕೊಂಡು ಹೋಯಿತು, ಖಾಲಿ ಚೀಲವನ್ನು ಅಲ್ಲೇ ಬಿಟ್ಟು. ಅವಳು ಅದನ್ನು ಮಡಚಿ ತನ್ನ ಕೈಚೀಲದೊಳಗೆ ಹಾಕಿಕೊಂಡಳು. ಇನ್ನೂ ಎರಡು ನಿಮಿಷ ಇತ್ತು. ಓಟ ಶುರುವಾಗುವವರೆಗೂ ಕೊಟ್ಟ ಚೀಟಿಯನ್ನು ರದ್ದು ಮಾಡಲು ಬರುತ್ತದೆ, ಎದ್ದು ಹೋಗಿ ಅವನನ್ನು ಕೂಗಿ ಕರೆದರೆ. ಆ ಎರಡು ನಿಮಿಷದಲ್ಲಿ ಅವಳು ಒಂಬತ್ತು ಚೀಟಿ ಕೊಟ್ಟಳು.

ಕಿಟಕಿಯವರಿಗೆ ಓಟ ಕಾಣುವುದಿಲ್ಲ. ನೆಲ ಅದುರುತ್ತದೆ, ಧ್ವನಿವರ್ಧಕ ಒದರುತ್ತದೆ, ಅಷ್ಟೇ. ಕೊನೆಯ ತಿರುವಿನವರೆಗೂ ಮಿಂಚುಹುಳ ಮುಂದಿತ್ತು. ಜನ ಅದರ ಹೆಸರು ಹಿಡಿದು ಕಿರುಚುತ್ತಿದ್ದರು. ಅವಳ ಮನಸ್ಸು ಒಂದು ಕ್ಷಣ ಎರಡು ದಿಕ್ಕಿಗೆ ಎಳೆಯಿತು: ಗೆಲ್ಲಲಿ, ಅಕ್ಕನ ಯಂತ್ರ ಬರಲಿ, ಬೇಡ, ಗೆದ್ದರೆ ಆ ಬಾಯಿಯನ್ನು ಜೀವಮಾನವೆಲ್ಲ ಸಹಿಸಬೇಕು. ಅಷ್ಟರಲ್ಲಿ ಧ್ವನಿವರ್ಧಕ ಬೇರೆ ಹೆಸರುಗಳನ್ನು ಕೂಗತೊಡಗಿತ್ತು. ಮಿಂಚುಹುಳ ಆರನೆಯದಾಗಿ ಬಂತು. ತೂಕ, ದೂರ, ಬಾಗಿಲು. ಪುಸ್ತಕ ಹೇಳಿದಂತೆಯೇ.

ಸಂಜೆ ಅವಳು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಭಾವ ಗಿರಾಕಿಗಳ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಕತ್ತರಿಸುವ ಮೇಜಿನ ಮೇಲೆ ಅಪ್ಪನ ಪುಸ್ತಕ ತೆರೆದುಕೊಂಡಿತ್ತು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು, ಕೊರಳಲ್ಲಿ ಅಳತೆಯ ಪಟ್ಟಿ.

"ಬಂದಳು ನೋಡು ಮನೆಹಾಳಿ," ಎಂದ ಭಾವ. "ಕೇಳು ಇವಳನ್ನ. ಬರೆದಿದ್ದಾಳೆ, ನಿನ್ನ ಕಣ್ಣಲ್ಲೇ ನೋಡು. ಮಿಂಚುಹುಳ, ಬಿಡು. ನಾನೇನು ಹುಚ್ಚನಾ? ಕಿಟಕೀಲಿ ಇನ್ನೊಂದು ಸಲ ಕೇಳಿದೆ. ಬಿಡು ಅಂದ್ಲು, ಬಿಟ್ಟೆ!"

ಅಕ್ಕ ಮೇಜಿನ ಹತ್ತಿರ ಬಂದು ಪುಟವನ್ನು ನೋಡಿದಳು. ಹಿಂದಿನ ಪುಟ ನೋಡಿದಳು, ಅದರ ಹಿಂದಿನದನ್ನೂ. ಅಪ್ಪನ ದುಂಡಗಿನ ಅಕ್ಷರ ಬರುವವರೆಗೂ ತಿರುವಿದಳು.

"ಬಿಡು ಅಂದ್ರೆ ಬಿಡು ಅಂತ," ಎಂದಳು ಮೆಲ್ಲಗೆ.

"ಅದೇ ನಾನು ಹೇಳ್ತಿರೋದು! ಬಿಟ್ಟೆನಲ್ಲ!"

"ಕುದುರೇನ ಬಿಡು ಅಂತ ರೀ. ಮುಟ್ಟಬೇಡ ಅಂತ. ಅಪ್ಪ ಬರೀತಿದ್ದದ್ದೇ ಹಾಗೆ."

ಭಾವನ ಬಾಯಿ ತೆರೆದೇ ಇತ್ತು. ಅವನು ಪುಸ್ತಕ ನೋಡಿದ, ಅಕ್ಕನನ್ನು ನೋಡಿದ, ಕೊನೆಗೆ ಇವಳನ್ನು ನೋಡಿದ. ಕುರ್ಚಿಯನ್ನು ಒದ್ದು ಎದ್ದ. "ಹಾವು ಸಾಕಿದೀಯ, ಹಾವು," ಎಂದು ಅಕ್ಕನಿಗೆ ಹೇಳಿ ಹೊರಗೆ ಹೋದ. ಬಾಗಿಲ ಪರದೆ ಅವನ ಹೆಗಲಿಗೆ ಸಿಕ್ಕಿ ಒಂದು ಕೊಂಡಿ ಕಳಚಿ ಜೋತುಬಿತ್ತು.

ಅವಳು ಕೈಚೀಲದಿಂದ ನೀಲಿ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಅಕ್ಕ ಅದನ್ನು ಮುಟ್ಟಲಿಲ್ಲ.

"ಚೀಲ ನೋಡಿದ್ಯಾ ನೀನು? ಅವರು ಕೊಟ್ಟಾಗ?"

"ನೋಡಿದೆ."

"ಅವರು ತಪ್ಪಾಗಿ ತಿಳ್ಕೊಂಡಿದಾರೆ ಅಂತ ಗೊತ್ತಾಯ್ತಾ?"

ಇಲ್ಲ ಎನ್ನಬಹುದಿತ್ತು. ಅಕ್ಕ ನಂಬುತ್ತಿದ್ದಳು, ನಂಬಲು ಕಾಯುತ್ತಿದ್ದಳು ಕೂಡ.

"ಗೊತ್ತಾಯ್ತು."

"ಆದ್ರೂ ಅಷ್ಟೇ ಅಂದೆ."

"ನಿಜಾನೇ ಹೇಳಿದೆ ಅಕ್ಕ. ಬರೆದಿದ್ದನ್ನೇ ಹೇಳಿದೆ."

"ಹೂಂ. ಎಂಥಾ ನಿಜ." ಅಕ್ಕನ ದನಿ ಏರಲಿಲ್ಲ. "ಅವರ ಮೇಲಿನ ಸಿಟ್ಟಿಗೆ ನನ್ನ ಯಂತ್ರ."

ಅವಳು ಕಾದಳು. ಈಗ ಬರುತ್ತದೆ ಎಂದು ಕಾದಳು. ಚಿಕ್ಕಂದಿನಿಂದ ಅವಳು ಏನು ಒಡೆದರೂ, ಏನು ಚೆಲ್ಲಿದರೂ, ಕೊನೆಗೆ ಅಕ್ಕನ ಬಾಯಿಂದ ಬರುತ್ತಿದ್ದ ಆ ಎರಡು ಪದ, ಹೋಗ್ಲಿ ಬಿಡು. ಅಕ್ಕ ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ಮೊಣಕಾಲೂರಿ ಕೂತು ನೆಲದ ಮೇಲಿನ ಒಂದು ಚೌಕ ಒರೆಸಿದಳು. ಎರಡನೆಯದು. ಮೂರನೆಯದು ಗೋಡೆಯ ಮಗ್ಗುಲಲ್ಲಿ ಸ್ವಲ್ಪ ಗಟ್ಟಿಯಾಗಿ ಕೂತಿತ್ತು, ಅದನ್ನು ಉಗುರಿನಿಂದ ಕೆರೆದು ಒರೆಸಿದಳು. ಆಮೇಲೆ ಬಟ್ಟೆ ಇವಳ ಪಾದದ ಹತ್ತಿರ ಬಂದು ನಿಂತಿತು.

"ಕಾಲು ತೆಗಿ."

ತೆಗೆದಳು. ನೆಲದ ಮೇಲೆ ಅರ್ಧ ಚೌಕ ಮಾತ್ರ ಉಳಿದಿತ್ತು. ಅಕ್ಕ ಅದನ್ನು ಒರೆಸಿ ಎದ್ದು, ಬಟ್ಟೆ ಹಿಂಡಲು ಹಿತ್ತಲಿಗೆ ಹೋದಳು. ಇವಳು ಒಂಟಿಕಾಲಿನಲ್ಲಿ, ಗೋಡೆಗೆ ಕೈ ಊರಿಕೊಂಡು ಹಾಗೇ ನಿಂತಿದ್ದಳು. ಉಳಿದರ್ಧ ಚೌಕ ಅಂಗಾಲಿಗೆ ಬೆಳ್ಳಗೆ ಅಂಟಿತ್ತು, ಅಂಚು ಸಹ ಅಳಿಯದಂತೆ.